ಬಿಟ್ಟ ಸ್ಥಳ ತುಂಬಬೇಡಿ

ಇದು ನಿಜವಾಗಿ ನಡೆದದ್ದು, ನಡೆದ ಹಾಗೆಯೇ ಹೇಳುವುದು. ಕೇಳಿದವರು "ಯಾಕೋ ಸ್ವಲ್ಪ ಊದಿ ಹೇಳಿದ ಹಾಗಿದೆಯಲ್ಲ" ಎಂದರೆ ಅದಕ್ಕೆ ಉತ್ತರ ಇಷ್ಟೇ: ಊದುವುದೇ ಮುಬಶ್ಶಿರನ ಮನೆತನದ ಕಸುಬು. ಊದದೆ ಅವನ ಕಥೆ ಹೇಳುವುದಾದರೂ ಹೇಗೆ?

ಸಿರಾದ ಕಲೀಮುಲ್ಲಾ ಅವರ ಗುಲ್‌ಬಹಾರ್ ಬ್ಯಾಂಡ್ ಸೆಟ್ ಎಂದರೆ ಸುತ್ತಲ ತಾಲ್ಲೂಕುಗಳಿಗೆಲ್ಲ ಗೊತ್ತು. ನಿಕಾಹ್ ಇರಲಿ, ಧಾರೆ ಇರಲಿ, ಗೆದ್ದ ಪಂಚಾಯ್ತಿ ಮೆಂಬರಿನ ಮೆರವಣಿಗೆಯೇ ಇರಲಿ, ಮುಂದೆ ಕೆಂಪು ಕೋಟಿನ ಕಲೀಮುಲ್ಲಾ, ಅವರ ಪಕ್ಕಕ್ಕೆ ಟ್ರಂಪೆಟ್ ಹಿಡಿದ ಮಗ ಮುಬಶ್ಶಿರ್. ಬಿ.ಕಾಂ. ಮುಗಿಸಿದ ಹುಡುಗ. ಡೆಬಿಟ್ಟು ಕ್ರೆಡಿಟ್ಟು ಎರಡೂ ಬರುತ್ತಿತ್ತು. ಆದರೆ ತುಟಿಗೆ ಹಿತ್ತಾಳೆ ತಾಗಿದಾಗ ಮಾತ್ರ ಅವನ ಬ್ಯಾಲೆನ್ಸು ಸರಿಹೋಗುತ್ತಿತ್ತು.

ಈ ಮುಬಶ್ಶಿರ್ ಒಂದು ದಿನ ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತ ಹೇಳಿದ: "ಅಬ್ಬಾ, ಬೆಂಗಳೂರಲ್ಲಿ ಒಂದು ಆರ್ಕೆಸ್ಟ್ರಾ ಐತೆ. ಟ್ರಂಪೆಟ್‌ಗೆ ಒಂದೇ ಒಂದು ಜಾಗ ಖಾಲಿ ಐತಂತೆ. ಆಡಿಷನ್‌ಗೆ ಕರ್ದವ್ರೆ."

ಅವನ ತಾಯಿ ಅಮೀನಾಬಿ ಸಾರಿನ ಸೌಟನ್ನು ಅಲ್ಲಿಯೇ ನಿಲ್ಲಿಸಿದರು. "ಆರ್ಕೆಸ್ಟ್ರಾನಾ? ಗಣೇಶನ್ನ ಕೂರ್ಸಿದಾಗ ಬಣ್ಣದ ಲೈಟ್ ಹಾಕ್ಕೊಂಡು ಸಿನಿಮಾ ಹಾಡು ಹಾಡ್ತಾರಲ್ಲ, ನಡೂಮಧ್ಯೆ ಒಬ್ಬ ಬಂದು ನಾಯಿ ಥರ ಬೊಗಳಿ ತೋರಿಸ್ತಾನಲ್ಲ, ಅದಾ?"

"ಅದಲ್ಲ ಅಮ್ಮಿ. ಇದು ಬೇರೆ. ವಯೊಲಿನ್ನೇ ಒಂದು ಬಸ್ಸಿನಷ್ಟು ಇರ್ತವೆ. ಎಲ್ರೂ ಕರೀ ಕೋಟು ಹಾಕ್ಕೊಂಡು ಕುರ್ಚಿ ಮ್ಯಾಲೆ ಕೂತ್ಕೊಂಡು ನುಡಿಸ್ತಾರೆ. ಜನ ಟಿಕೆಟ್ ತಗೊಂಡು ಬಂದು ಸುಮ್ನೆ ಕೂತು ಕೇಳ್ತಾರೆ."

"ಸುಮ್ನೆ ಅಂದ್ರೆ?" ಎಂದರು ಕಲೀಮುಲ್ಲಾ.

"ಕೆಮ್ಮೋದೂ ಇಲ್ಲ."

"ಊಟ ಹಾಕ್ತಾರಾ?"

"ಇಲ್ಲ ಅಬ್ಬಾ."

"ಮತ್ಯಾಕೆ ಬರ್ತಾರೋ?"

ಕಲೀಮುಲ್ಲಾ ಉತ್ತರಕ್ಕೆ ಕಾಯಲಿಲ್ಲ. ಕುರ್ಚಿ ಎಂಬ ಒಂದು ಮಾತು ಅವರ ಎದೆಗೆ ನಾಟಿತ್ತು. ಕೈ ತೊಳೆದುಕೊಂಡು ಬಂದು ಮಗನ ತಲೆಯ ಮೇಲೆ ಕೈಯಿಟ್ಟರು. "ನಮ್ಮಪ್ಪ, ನಿಮ್ ದಾದಾ, ರಸ್ತೇಲಿ ನಿಂತು ಊದಿದ್ರು. ನಾನೂ ರಸ್ತೇಲಿ ನಿಂತು ಊದಿದೆ. ಮಳೇಲಿ, ಬಿಸಿಲಲ್ಲಿ, ಸಗಣಿ ತುಳಕೊಂಡು. ನಮ್ಮಲ್ಲಿ ಒಬ್ಬನಾದ್ರೂ ಕೂತ್ಕೊಂಡು ಊದ್ಲಿ ಬೇಟಾ."

ಅಷ್ಟು ಹೇಳಿ ಸುಮ್ಮನಿದ್ದರೆ ಮುಬಶ್ಶಿರನಿಗೆ ಅನ್ನ ಸೇರುತ್ತಿತ್ತೇನೋ. ಸುಮ್ಮನಿರುವುದು ಆ ಮನೆಯ ಅಭ್ಯಾಸವಲ್ಲ. ಮಾರನೆಯ ದಿನವೇ ಸುದ್ದಿ ಸಿರಾದ ಟೀ ಅಂಗಡಿಯಿಂದ ಟೀ ಅಂಗಡಿಗೆ ಹರಿದು, ಆಡಿಷನ್ ಎಂಬುದು ಅಡಿಷನ್ ಆಗಿಬಿಟ್ಟಿತು. ಕಟಿಂಗ್ ಮಾಡಿಸಲು ಹೋದರೆ ಅಂಗಡಿಯ ಮಲ್ಲೇಶ್ ಕತ್ತರಿ ಆಡಿಸುತ್ತ ಕೇಳಿದ: "ಬರೀ ಕೂಡೋ ಲೆಕ್ಕನಾ ಸ್ವಾಮಿ, ಕಳೆಯೋದೂ ಕೊಡ್ತಾರಾ?"

ಕಳೆಯುವುದೇ ಅವನ ಭಯವಾಗಿತ್ತು. ಇಷ್ಟೆಲ್ಲ ಜನ ಕೂಡಿಸಿ ಇಟ್ಟಿರುವ ಮಾನವನ್ನು ಒಂದೇ ಉಸಿರಿಗೆ ಕಳೆದು ಬಂದರೆ?

ಬೆಂಗಳೂರಿನವರು ನುಡಿಸಲು ಕಳಿಸಿದ್ದು ಒಂದೇ ಪುಟ. ಎಂದೋ ಸತ್ತುಹೋದ, ಹೆಸರು ಹೇಳಲು ಹೋದರೆ ನಾಲಿಗೆ ಮಡಚಿಕೊಳ್ಳುವ ಯುರೋಪಿನವನೊಬ್ಬ ಬರೆದ ದೊಡ್ಡ ಕೃತಿಯೊಳಗಿನ ಒಂದು ಸಣ್ಣ ತುಣುಕು. ಇಡೀ ಆರ್ಕೆಸ್ಟ್ರಾ ಬಾಯಿ ಮುಚ್ಚಿಕೊಂಡಿರುವಾಗ ಟ್ರಂಪೆಟ್ ಒಂದೇ ಏಳುವ ಜಾಗ. ಮೊದಲು ಕೆಳಗಿನ ಮೂರು ಸ್ವರ. ಆಮೇಲೆ ಎರಡು ಬಾರ್‌ಗಳಷ್ಟು, ಅಂದರೆ ತಾಳದ ಎರಡು ಆವರ್ತದಷ್ಟು ಹೊತ್ತು, ಏನೂ ಇಲ್ಲ. ಆಮೇಲೆ ಒಮ್ಮೆಗೇ ಬಹಳ ಮೇಲಿನ ಒಂದು ಸ್ವರ. ಅದರ ಕೆಳಗೆ ಎರಡು ಪುಟ್ಟ ಇಂಗ್ಲಿಷ್ ಪಿ ಅಕ್ಷರ.

ಕಾಗದದ ಮೇಲಿನ ಪಾಶ್ಚಾತ್ಯ ಸಂಗೀತವನ್ನು ಓದಲು ಅವನಿಗೆ ಕಲಿಸಿದ್ದು ಮಧುಗಿರಿಯ ನರಸಿಂಹರಾಜು. ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದವರು. ಮೀಸೆಗೆ ಇನ್ನೂ ನಿವೃತ್ತಿ ಕೊಟ್ಟಿರಲಿಲ್ಲ. ಆ ಪುಟವನ್ನು ಅವರ ಮುಂದಿಟ್ಟು ಮೊದಲ ಸಲ ಊದಿದಾಗ, ಮೇಲಿನ ಸ್ವರ ಬರುತ್ತಲೂ ಮುಬಶ್ಶಿರ್ ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸುರಿದುಬಿಟ್ಟ. ಎದುರುಮನೆಯ ಎಮ್ಮೆ ಗೂಟ ಕಿತ್ತುಕೊಂಡಿತು.

"ಏನಯ್ಯಾ ಅದು?" ಎಂದರು ನರಸಿಂಹರಾಜು, ಕಿವಿಯಿಂದ ಕೈ ತೆಗೆಯದೆ.

"ಪೀಪೀ ಅಂತ ಬರ್ದೈತಲ್ಲ ಸಾರ್. ಪೀಪಿ ಊದಂಗೆ ಊದ್ಬೇಕು ಅನ್ಕೊಂಡೆ."

"ಥೂ ನಿನ್ನ! ಪಿ ಅಂದ್ರೆ ಮೆಲ್ಲಗೆ. ಎರಡು ಪಿ ಅಂದ್ರೆ ಇನ್ನೂ ಮೆಲ್ಲಗೆ. ಮಗು ಮಲಗಿರೋ ಮನೇಲಿ ಬಾಗಿಲು ಹಾಕಿದಂಗಿರಬೇಕು."

ಮೆಲ್ಲಗೆ ಊದುವುದನ್ನು ಅವನು ಹೇಗೋ ಕಲಿತ. ತುಟಿಗೆ ಬೆಣ್ಣೆ ಸವರಿಕೊಂಡು, ಟ್ರಂಪೆಟ್ಟಿನ ಬಾಯಿಗೆ ಟವಲು ತುರುಕಿ, ಬಚ್ಚಲುಮನೆಯಲ್ಲಿ ನಿಂತು ಕಲಿತ. ಸಿರಾದಿಂದ ಮಧುಗಿರಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿಯೂ ಸುಮ್ಮನಿರದೆ, ಟ್ರಂಪೆಟ್ಟಿನ ಮೂತಿಯನ್ನಷ್ಟೇ ಕಳಚಿ ತುಟಿಗಿಟ್ಟು ಬುರ್ರ್ ಎನ್ನಿಸುತ್ತಿದ್ದ. ಒಂದು ಸಲ ಡ್ರೈವರು ಗಾಡಿ ನಿಲ್ಲಿಸಿ ಕೆಳಗಿಳಿದು ನಾಲ್ಕೂ ಕಡೆ ಟೈರು ಒದ್ದು ನೋಡಿ ಬಂದ.

ಅವನ ಕೈಲಾಗದೆ ಹೋದದ್ದು ಊದುವುದಲ್ಲ, ಊದದೆ ಇರುವುದು. ಮೂರು ಸ್ವರ ಮತ್ತು ಮೇಲಿನ ಸ್ವರದ ನಡುವೆ ಇದ್ದ ಆ ಎರಡು ಬಾರ್ ಖಾಲಿ ಜಾಗ.

ಮದುವೆ ಬ್ಯಾಂಡಿನಲ್ಲಿ ಹಾಡಿನ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಕಲೀಮುಲ್ಲಾ ಅವರ ಕಣ್ಣು ಕೆಂಪಾಗುತ್ತಿತ್ತು. "ಖಾಲಿ ನಕ್ಕೋ ಛೋಡ್!" ಎಂದು ಅಲ್ಲಿಯೇ ಗದರುತ್ತಿದ್ದರು. ಖಾಲಿ ಬಿಟ್ಟರೆ ಕುಣಿಯುವವರ ಕಾಲು ನಿಲ್ಲುತ್ತದೆ. ಕಾಲು ನಿಂತರೆ ಮೆರವಣಿಗೆ ನಿಲ್ಲುತ್ತದೆ. ಮೆರವಣಿಗೆ ನಿಂತರೆ ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಾನೆ, ಆಮೇಲೆ ಜನ ಅದಕ್ಕೇ ಕುಣಿಯಲು ಶುರುಮಾಡುತ್ತಾರೆ. ಅದಕ್ಕಾಗಿ ಸಂದು ಸಿಕ್ಕಲ್ಲೆಲ್ಲ ಟ್ರಂಪೆಟ್ಟಿನವನು 'ಪೆಂ ಪೆರೆ ಪೇಂ' ಎಂದು ಒಂದು ಚೂರನ್ನು ತುರುಕಬೇಕು. ಗುಲ್‌ಬಹಾರ್ ಬ್ಯಾಂಡಿನಲ್ಲಿ ಅದಕ್ಕೆ ಭರ್ತಿ ಎಂದು ಹೆಸರು. ಮುಬಶ್ಶಿರ್ ಮೀಸೆ ಬರುವ ಮೊದಲೇ ಭರ್ತಿಯಲ್ಲಿ ಹೆಸರು ಮಾಡಿದ್ದ. ಮಿಡಿಗೇಶಿಯ ಒಂದು ಮದುವೆಯಲ್ಲಿ ಮದುಮಗನೇ ಕುದುರೆಯಿಂದಿಳಿದು ಬಂದು ಅವನ ಕೈ ಕುಲುಕಿದ್ದ.

ಈಗ ಮೂರು ಸ್ವರ ಮುಗಿದು ಮೌನ ಶುರುವಾದರೆ ಸಾಕು, ಅವನ ಬೆರಳು ತಾನಾಗಿಯೇ ಗುಂಡಿ ಒತ್ತುತ್ತಿತ್ತು. ಪೆಂ ಪೆರೆ ಪೇಂ.

"ರೆಸ್ಟು!" ಎಂದು ಗುಡುಗುತ್ತಿದ್ದರು ನರಸಿಂಹರಾಜು. "ಅಲ್ಲಿ ಬರೆದಿರೋದು ರೆಸ್ಟು. ರೆಸ್ಟಲ್ಲಿ ಊದಿದ್ರೆ ಅರೆಸ್ಟು, ತಿಳೀತಾ?"

"ಕೈ ತಾನೇ ಹೋಯ್ತದೆ ಸಾರ್."

"ಅಲ್ಲಯ್ಯಾ, ಆ ಜಾಗಕ್ಕೆ ಭರ್ತಿ ಆಗಬೇಕು ಅಂದ್ರೆ ಈ ಭರ್ತಿ ಬಿಡಬೇಕು. ಎರಡರಲ್ಲಿ ಒಂದು ಆರಿಸ್ಕೋ."

ಬಿಡುವುದು ಹೇಗೆ? ಶಾಲೆಯಲ್ಲಿ ಹತ್ತು ವರ್ಷ 'ಬಿಟ್ಟ ಸ್ಥಳ ತುಂಬಿರಿ' ಎಂದು ಬರೆಸಿದರು. ಬಿಟ್ಟ ಸ್ಥಳವನ್ನು ಬಿಟ್ಟೇ ಬಿಡಿ ಎಂದು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಒಂದು ಬೆಳಿಗ್ಗೆ ಮಧುಗಿರಿ ಬೆಟ್ಟದ ಬುಡಕ್ಕೆ ಹೋಗಿ, ಇಲ್ಲಿಯಾದರೂ ಮೌನ ಸಿಕ್ಕೀತೆಂದು ಬಂಡೆಗೆ ಮುಖಮಾಡಿ ಮೂರು ಸ್ವರ ಊದಿ ನಿಲ್ಲಿಸಿದ. ಬಂಡೆ ಆ ಮೂರನ್ನೂ ಹಾಗೇ ಹಿಂದಕ್ಕೆ ಕಳಿಸಿತು. ಬೆಟ್ಟವೂ ಭರ್ತಿ ಮಾಡುತ್ತದೆ ಎಂದುಕೊಂಡು ಅವನು ಹಿಂದಿರುಗಿದ.

ಮಧುಗಿರಿಯಲ್ಲಿ ಅವನ ಈ ಗೋಳನ್ನೆಲ್ಲ ಕೇಳುತ್ತಿದ್ದವನು ರಂಗರಾಜು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ರಂಗರಾಜು ಅಮೀನಾಬಿ ಹೇಳಿದ ಥರದ ಆರ್ಕೆಸ್ಟ್ರಾದವನು, ಅಂದರೆ ನಡುಮಧ್ಯೆ ಬಂದು ನಾಯಿಯಂತೆ ಬೊಗಳುವವನೇ ಅವನು. ನಾಯಿಯೊಂದೇ ಅಲ್ಲ. ಸ್ಟಾರ್ಟ್ ಆಗದ ಟ್ರ್ಯಾಕ್ಟರು, ಮೈಕ್ ಕೆಟ್ಟ ರಾಜಕಾರಣಿ, ಬಸ್‌ಸ್ಟ್ಯಾಂಡಿನ ಧ್ವನಿವರ್ಧಕ, ಯಾರ ಗಂಟಲಾದರೂ ಅವನ ಗಂಟಲೊಳಗೆ ಬಾಡಿಗೆಗೆ ಸಿಗುತ್ತಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಒಂದು ಮಧ್ಯಾಹ್ನ ರಜೆ ಕೊಟ್ಟವನು.

ಎರಡು ಬಾರ್ ಸಮಸ್ಯೆ ಕೇಳಿ ಅವನು ಗಂಭೀರವಾಗಿ ತಲೆಯಾಡಿಸಿದ. "ದಾರೀಲಿ ಎರಡೆರಡು ಬಾರ್ ಸಿಕ್ಕಿದ್ರೂ ಒಳೀಕೆ ಓಗ್ದೆ ಸುಮ್ನೆ ದಾಟ್ಕೊಂಡು ಓಗ್ಬೇಕು ಅಂದ್ರೆ ಎಂಥವನ್ಗೂ ಕಷ್ಟ ಕಣ್ಲಾ ಮುಬ್ಬು."

"ನಗಾಡ್ಬೇಡ ಕಣೋ. ನಂಗೆ ನಿದ್ದೆ ಬರ್ತಿಲ್ಲ. ಅಬ್ಬಾ ಇಡೀ ಸಿರಾಕ್ಕೆ ಹೇಳ್ಬುಟ್ಟವ್ರೆ. ಬರೋ ಭಾನುವಾರನೇ ಆಡಿಷನ್, ಕೇಳೋಕೆ ಮೂರು ಜನ ಜಡ್ಜು. ಇರೋದು ಒಂದು ಜಾಗ, ಊದೋಕೆ ಬಿಡೋದು ಒಂದೇ ಸಲ. ಅಲ್ಲಿ ಕೈ ಓಯ್ತು ಅಂದ್ರೆ ಮುಗೀತು."

"ಸಾವಿರಾರು ಜನದ ಮುಂದೆ ಊದಿದ್ದೀಯ, ಮೂರು ಜನಕ್ಕೆ ಎದರ್ತೀಯೇನ್ಲಾ?"

ಮುಬಶ್ಶಿರ್ ಆ ಮಾತನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ಅಗಿದ. ಸಾವಿರಾರು ಜನದ ಮುಂದೆ ಊದಿದ್ದು ನಿಜ. ಆದರೆ ಆ ಸಾವಿರಾರು ಜನರಲ್ಲಿ ಒಬ್ಬರಾದರೂ ಅವನನ್ನು ಕೇಳಿದ್ದರೇ? ಅವರು ಕುಣಿದಿದ್ದರು, ಪಟಾಕಿ ಹಚ್ಚಿದ್ದರು, ಊಟದ ಸಾಲು ಎಲ್ಲಿ ಎಂದು ಕೂಗಿದ್ದರು. ಭಾನುವಾರ ಬೆಂಗಳೂರಿನಲ್ಲಿ ಮೂರೇ ಜನ ಇರುತ್ತಾರೆ, ಮೂವರೂ ಕೇಳುತ್ತಾರೆ. ಬೇರೇನೂ ಮಾಡದೆ, ಬರೀ ಕೇಳುತ್ತಾರೆ. ಅದನ್ನು ನೆನೆದರೆ ಅವನ ತುಟಿ ಜೂನ್ ಬಂದರೂ ಮಳೆ ಕಾಣದ ಹೊಲದಂತೆ ಬಿರಿಯುತ್ತಿತ್ತು.

ಬುಧವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ, ಫ್ರಿಜ್ಜಿನಿಂದ ಆಗ ತಾನೇ ತೆಗೆದಷ್ಟು ತಣ್ಣಗೆ.

"ಹಲೋ, ಮಿಸ್ಟರ್ ಮುಬಾಷಿರ್? ಆಡಿಷನ್ ಆಫೀಸಿಂದ ಮಾತಾಡ್ತಿರೋದು. ಕ್ಯಾಂಡಿಡೇಟ್ಸ್ ತುಂಬಾ ಜಾಸ್ತಿ ಆಗಿದಾರೆ. ಸೋ, ನಿಮ್ಮ ಏರಿಯಾದವರಿಗೆ ನಾಳೆ ಕೊರಟಗೆರೆ ಕಲ್ಯಾಣ ಮಂಟಪದಲ್ಲೇ ಮೊದಲ ಸುತ್ತು. ಅದರಲ್ಲಿ ಪಾಸ್ ಆದರೆ ಮಾತ್ರ ಸಂಡೇ ಬರಬೇಕು. ಇಲ್ಲಾಂದ್ರೆ ಬರೋದು ಬೇಡ."

"ನಾಳೇನಾ ಮೇಡಂ?"

"ನಾಳೆ. ಜಡ್ಜಸ್ ಪರದೆ ಹಿಂದೆ ಕೂತಿರ್ತಾರೆ. ಅವರು ನಿಮ್ಮನ್ನ ನೋಡಬಾರದು, ನೀವು ಅವರನ್ನ ನೋಡಬಾರದು. ಬಾಯಿಬಿಟ್ಟು ಒಂದು ಮಾತೂ ಆಡಬಾರದು. ಗುರುಗಳಿಗೆ ತಿಳಿಸೋ ಹಾಗಿಲ್ಲ. ತಿಳಿಸಿದ್ರೆ ಡಿಸ್‌ಕ್ವಾಲಿಫೈ."

ಮುಬಶ್ಶಿರ್ ಫೋನಿಟ್ಟ. ಇನ್ನೂ ನಾಲ್ಕು ದಿನವಿದೆ ಎಂದು ಹಿಡಿದುಕೊಂಡಿದ್ದ ಧೈರ್ಯವೆಲ್ಲ ಕೈಬಿಟ್ಟುಹೋಯಿತು. ಗುರುಗಳಿಗೆ ಹೇಳುವಂತಿಲ್ಲ, ಗೆಳೆಯನಿಗಾದರೂ ಹೇಳೋಣವೆಂದು ರಂಗರಾಜುವಿಗೆ ಫೋನು ಮಾಡಿದ. ಅವನು ಒಂದೇ ಉಸಿರಿಗೆ, "ಅಯ್ಯೋ, ನಾಳೆ ನಂದು ಪಾವಗಡದಾಗೆ ಶೋ ಐತಲ್ಲಪ್ಪೋ. ಆಲ್ ದಿ ಬೆಸ್ಟು ರಾ ಮಾವಾ!" ಎಂದ. ಪಾವಗಡದ ಹೆಸರೆತ್ತಿದರೆ ಸಾಕು, ಅವನ ನಾಲಿಗೆಗೆ ತೆಲುಗು ಅಂಟುತ್ತಿತ್ತು.

ಗುರುವಾರ ಬೆಳಿಗ್ಗೆ ಕಲೀಮುಲ್ಲಾ ತಮ್ಮ ಕೆಂಪು ಕೋಟನ್ನು ಇಸ್ತ್ರಿ ಮಾಡಿಸಿ ತಂದು ಮಗನಿಗೆ ತೊಡಿಸಿದರು. ಭುಜದ ಮೇಲೆ ಜರಿಯ ಕುಚ್ಚು.

"ಅಬ್ಬಾ, ಪರದೆ ಇರುತ್ತೆ. ಅವ್ರಿಗೆ ನಾನು ಕಾಣಲ್ಲ."

"ಗಂಡಸಿಗೂ ಪರ್ದಾನಾ!" ಎಂದು ಅಮೀನಾಬಿ ಕೆನ್ನೆಗೆ ಕೈಯಿಟ್ಟುಕೊಂಡರು. "ಕಯಾಮತ್ ಹತ್ರ ಬಂತು ಬುಡು, ಲೋಕ ಮುಳುಗೋ ಕಾಲ."

ಕಲೀಮುಲ್ಲಾ ಮಾತ್ರ ಪಟ್ಟು ಬಿಡಲಿಲ್ಲ. "ಅವ್ರಿಗೆ ಕಾಣದಿದ್ರೆ ಏನು, ನಿಂಗೆ ಗೊತ್ತಿರುತ್ತಲ್ಲ." ಬಸ್ಸು ಹೊರಟ ಮೇಲೆ ಕಿಟಕಿಯ ಹತ್ತಿರ ಓಡಿಬಂದು ಕೂಗಿದರು: "ಲೇ ಬೇಟಾ, ಖಾಲಿ ನಕ್ಕೋ ಛೋಡ್!"

ಕೊರಟಗೆರೆಯ ಆ ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಕೊರಳಿಗೆ ಐಡಿ ಕಾರ್ಡ್ ತೂಗುಹಾಕಿಕೊಂಡ ಒಬ್ಬ ಹುಡುಗಿ ನಿಂತಿದ್ದಳು. ಹೆಸರು ಮಾನಸ ಎಂದು ಹೇಳಿ, ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದೊಯ್ದಳು. ಇನ್ನಾರೂ ಕ್ಯಾಂಡಿಡೇಟುಗಳು ಕಾಣಲಿಲ್ಲ. ಎಲ್ಲರೂ ಊದಿ ಹೋಗಿರಬೇಕು ಎಂದುಕೊಂಡ. ಖಾಲಿ ಹಾಲು. ಮದುಮಕ್ಕಳು ಕೂರುವ ವೇದಿಕೆಗೆ ಅಡ್ಡಲಾಗಿ ನೀಲಿ ಮಖಮಲ್ಲಿನ ಪರದೆ, ಅದರ ಮೇಲೆಲ್ಲ ಮಿನುಗುವ ನಕ್ಷತ್ರ. ಬೆಂಗಳೂರಿನವರ ಅಭಿರುಚಿಯೇ ಬೇರೆ ಎಂದು ಮುಬಶ್ಶಿರ್ ಮನಸ್ಸಿನಲ್ಲಿಯೇ ತಲೆದೂಗಿದ.

ಪರದೆಯ ಹಿಂದೆ ಯಾರೋ ಮುದಿ ಕೆಮ್ಮು ಕೆಮ್ಮಿದರು. "ಗುಡ್ ಮಾರ್ನಿಂಗ್, ಯಂಗ್ ಮ್ಯಾನ್," ಎಂದಿತು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡಂಥ ಇಂಗ್ಲಿಷ್ ದನಿ. ಅದು ಮುಗಿದ ಮೇಲೆ, ಫೋನಿನಲ್ಲಿ ಕೇಳಿದ್ದ ತಣ್ಣನೆಯ ಮೇಡಂ, "ಒಂದೇ ಚಾನ್ಸ್. ನಿಲ್ಲಿಸಿ ಮತ್ತೆ ಶುರು ಮಾಡೋ ಹಾಗಿಲ್ಲ," ಎಂದರು. ಅದು ಮುಗಿದ ಮೇಲೆ ಮೂರನೆಯವರು, ಮಂಗಳೂರ ಕಡೆಯವರಿರಬೇಕು, "ಸುರು ಮಾಡಿ ಮಾರಾಯ್ರೆ" ಎಂದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕುತ್ತಿರಲಿಲ್ಲ. ಎಂಥ ಶಿಸ್ತು ಎಂದು ಅವನು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡ.

ಟ್ರಂಪೆಟ್ ಎತ್ತಿದ. ಮೂರು ಸ್ವರ ಊದಿದ. ಚೆನ್ನಾಗಿ ಬಂದವು, ಅವನಿಗೇ ಆಶ್ಚರ್ಯವಾಗುವಷ್ಟು ದುಂಡಗೆ.

ಆಮೇಲೆ ಖಾಲಿ.

ಅಂಥ ಮೌನವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಯಾರೂ ಕೆಮ್ಮಲಿಲ್ಲ. ಯಾರೂ ಸಾರು ಬಡಿಸಲಿಲ್ಲ. ಒಂದು, ಎರಡು, ಎಂದು ಎಣಿಸತೊಡಗಿದ. ಎಣಿಕೆಯ ನಡುವೆ ತನ್ನ ಗುಂಡಿಗೆಯ ಸದ್ದು ಕೇಳಿತು. ಅದು ಎಣಿಕೆಗಿಂತ ಮುಂದೆ ಓಡುತ್ತಿತ್ತು. ಪರದೆಯ ನಕ್ಷತ್ರಗಳೆಲ್ಲ ತನ್ನನ್ನೇ ನೋಡುತ್ತಿವೆ, ನಿಂತ ಕಾಲುಗಳೆಲ್ಲ ತನಗಾಗಿ ಕಾಯುತ್ತಿವೆ, ಹಿಂದೆ ಲಾರಿ ಬಂದು ನಿಂತಿದೆ, ಅಬ್ಬಾನ ಕಣ್ಣು ಕೆಂಪಾಗುತ್ತಿದೆ...

ಪೆಂ ಪೆರೆ ಪೇಂ!

ಕಲ್ಯಾಣ ಮಂಟಪದ ಗೋಡೆಗಳಿಗೆ ಪರಿಚಯದ ಸದ್ದು. ಅವು ಸಂತೋಷದಿಂದ ಅದನ್ನು ಎರಡು ಸಲ ತಿರುಗಿಸಿ ಕೊಟ್ಟವು. ಮಾಡಿದ್ದು ಏನೆಂದು ತಿಳಿಯುವಷ್ಟರಲ್ಲಿ ಮೇಲಿನ ಸ್ವರದ ಸರದಿ ಬಂದಿತ್ತು. ತುಟಿ ಒಣಗಿತ್ತು. ಮಗು ಮಲಗಿದ ಮನೆಯ ಬಾಗಿಲು ಕೀಲು ಮುರಿದು ಬಿದ್ದಂತೆ ಸ್ವರ ಒಡೆಯಿತು.

"ಥ್ಯಾಂಕ್ ಯೂ," ಎಂದಿತು ಆಲೂಗಡ್ಡೆಯ ದನಿ, ಸ್ವಲ್ಪ ಮೆತ್ತಗೆ.

ಮುಬಶ್ಶಿರ್ ನಿಯಮ ಮರೆತ. "ಸಾರ್, ಇನ್ನೊಂದ್ಸಲ ಸಾರ್. ನಂಗೆ ಬರುತ್ತೆ ಸಾರ್. ಮೆಲ್ಲಗೆ ಊದೋಕೆ ಬರುತ್ತೆ. ಸುಮ್ನಿರೋದೊಂದು... ದಯವಿಟ್ಟು ಸಾರ್. ಮನೇಲಿ ಅಬ್ಬಾ..." ಬಾಗಿಲ ಬಳಿ ಮಾನಸ ನೆಲ ನೋಡುತ್ತ ನಿಂತಿದ್ದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಮುಂದಿನ ರಸ್ತೆಯಲ್ಲಿ ತುಮಕೂರಿನ ಬಸ್ಸು ಜನರನ್ನು ತುಂಬಿಕೊಳ್ಳುತ್ತಿತ್ತು. ಯಾರ ಬದುಕೂ ನಿಂತಿರಲಿಲ್ಲ. ಕೆಂಪು ಕೋಟು ಬೆನ್ನಿಗೆ ಅಂಟಿತ್ತು. ಹೇಳಲೇಬೇಕು, ಈಗಲೇ ಹೇಳಿಬಿಡುವುದು ಎಂದು ಮನೆಗೆ ಫೋನು ಮಾಡಿದ.

"ಏನಾಯ್ತು ಬೇಟಾ?" ಮೊದಲ ರಿಂಗಿಗೇ ಎತ್ತಿದ್ದರು ಕಲೀಮುಲ್ಲಾ. "ಊದಿದ್ಯಾ?"

"ಊದಿದೆ ಅಬ್ಬಾ."

"ಖಾಲಿ ಬಿಟ್ಟಿಲ್ಲ ತಾನೇ?"

ಮುಬಶ್ಶಿರ್ ಕಣ್ಣು ಮುಚ್ಚಿಕೊಂಡ. "ಇಲ್ಲ ಅಬ್ಬಾ. ಭರ್ತಿ ಹಾಕಿದೆ."

"ಶಾಬಾಶ್! ನನ್ನ ಹೊಟ್ಟೇಲಿ ಹುಟ್ಟಿದ ಮಗ!" ಎಂದು ಅಲ್ಲಿ ಕೂಗಿದರು. ಅವರ ಹಿಂದೆ ಬ್ಯಾಂಡಿನವರೆಲ್ಲ ಹೋ ಎಂದದ್ದು ಕೇಳಿಸಿತು. ಮುಬಶ್ಶಿರ್ ಫೋನನ್ನು ಮೆಲ್ಲಗೆ, ಎರಡು ಪಿ ಹಾಕಿದಷ್ಟು ಮೆಲ್ಲಗೆ, ಮೆಟ್ಟಿಲ ಮೇಲಿಟ್ಟು ಮಂಡಿಗೆ ಹಣೆ ಕೊಟ್ಟ.

ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ತಲೆಯೆತ್ತಿದರೆ ರಂಗರಾಜು. ಮುಖ ಬೂದಿ ಬಳಿದಂತಿತ್ತು.

"ನೀನು ಪಾವಗಡದಾಗೆ ಇದ್ಯಲ್ಲೋ," ಎಂದ ಮುಬಶ್ಶಿರ್.

"ಓಗ್ಲಿಲ್ಲ. ಮುಬ್ಬು... ಅದು ನಾನು ಕಣ್ಲಾ."

"ಯಾವ್ದು?"

"ಒಳೀಕಿದ್ದಿದ್ದು. ಆ ಇಂಗ್ಲಿಷ್ ಮುದುಕ. ಆ ಮೇಡಂ. ಆ ಮಂಗಳೂರೋನು. ಮೂರೂ ನಾನೇ. ಮೊದಲ ಸುತ್ತೂ ಇಲ್ಲ, ಎಂಥದೂ ಇಲ್ಲ. ಸುಮ್ನೆ ಒಸಿ ನಗಾಡಾಣ ಅಂತ... ನಿಂಗೂ ಭಯ ಬುಟ್ಟೋಯ್ತದೆ ಅಂತ..."

ಮುಬಶ್ಶಿರ್ ತಲೆಯಾಡಿಸಿದ. "ಸಮಾಧಾನ ಮಾಡೋಕೆ ಸುಳ್ಳು ಹೇಳ್ಬೇಡ ಬುಡು."

"ನಿಜವಾಗ್ಲೂ ಕಣ್ಲಾ!"

"ಅಂಗಾದ್ರೆ ಮಾಡಿ ತೋರ್ಸು."

ರಂಗರಾಜು ಬಾಯಿ ತೆರೆದ. ಏನೂ ಬರಲಿಲ್ಲ. ಊರೂರ ವೇದಿಕೆ ಹತ್ತಿದ್ದವನು, ಪ್ರಿನ್ಸಿಪಾಲರ ದನಿಯಲ್ಲಿ ರಜೆ ಕೊಟ್ಟಿದ್ದವನು, ಮೆಟ್ಟಿಲ ಮೇಲೆ ಕೂತ ಒಬ್ಬನೇ ಒಬ್ಬ ಸುಮ್ಮನೆ ಕೇಳಲು ಕಾದಿದ್ದನ್ನು ಕಂಡು ಗಂಟಲು ಕಳೆದುಕೊಂಡಿದ್ದ. ಮುದುಕನ ಕೆಮ್ಮು ಕೆಮ್ಮಲು ಹೋಗಿ ನಿಜವಾದ ಕೆಮ್ಮೇ ಬಂತು. ಹಿಂದಿನಿಂದ ಮಾನಸ ನೀರಿನ ಬಾಟಲು ತಂದು ಅವನ ಕೈಗೆ ತುರುಕಿದಳು.

"ನಾನು ಇವ್ರ ಟ್ರೂಪಲ್ಲಿ ಹಾಡೋಳು ಅಣ್ಣ," ಎಂದಳು ಮುಬಶ್ಶಿರನಿಗೆ. "ಈ ಪರದೆನೂ ನಮ್ದೇ. ನಾನು ಮೊದ್ಲೇ ಬ್ಯಾಡ ಅಂದೆ.‌ ಕುಡೀರಿ ರಂಗಣ್ಣ, ಕುಡ್ದು ಬೇಗ ಬೊಗಳಿ."

ರಂಗರಾಜು ನೀರು ಕುಡಿದ. ಕಣ್ಣು ಮುಚ್ಚಿಕೊಂಡು, "ಒಂದೇ ಚಾನ್ಸ್. ನಿಲ್ಲಿಸಿ ಮತ್ತೆ ಶುರು ಮಾಡೋ ಹಾಗಿಲ್ಲ," ಎಂದ. ಆ ತಣ್ಣನೆಯ ಮೇಡಮ್ಮೇ. ಮುಬಶ್ಶಿರನ ಬೆನ್ನು ನೆಟ್ಟಗಾಯಿತು. "ಸುರು ಮಾಡಿ ಮಾರಾಯ್ರೆ." ಮುಬಶ್ಶಿರ್ ಎದ್ದು ನಿಂತ. "ಥ್ಯಾಂಕ್ ಯೂ, ಯಂಗ್ ಮ್ಯಾನ್," ಎಂದು ರಂಗರಾಜು ಅಳುವ ಆಲೂಗಡ್ಡೆಯಾಗಿ ಮುಗಿಸಿದ.

"ಅಂಗಾದ್ರೆ ನಾನು ಊದಿದ್ದು?"

"ಯಾರೂ ಕೇಳಿಲ್ಲ. ನಾನು, ಮಾನಸ. ಆಮೇಲೆ ಇಲ್ಲಿ ವಾಚ್‌ಮನ್ ಚಿಕ್ಕನರಸಯ್ಯ. ಅವ್ರು, ಬಾಕಿದ್ದು ಏನೂ ತಿಳೀನಿಲ್ಲ, ಆ ಪೆಂಪೆರೆಪೇಂ ಒಂದು ಭೋ ಚೆನ್ನಾಗಿತ್ತು ಅಂದ್ರು."

"ಭಾನುವಾರದ್ದು?"

"ಅದು ಎಲ್ಲಿಗೂ ಓಗಿಲ್ಲ ಕಣ್ಲಾ. ಭಾನುವಾರನೇ ಐತೆ."

ಮುಬಶ್ಶಿರ್ ಏನೂ ಹೇಳಲಿಲ್ಲ. ನಿಂತಲ್ಲಿಯೇ ನಿಂತು ರಂಗರಾಜುವನ್ನು ನೋಡಿದ. ಕೈ ಎತ್ತಲಿಲ್ಲ, ಬಾಯಿ ತೆರೆಯಲಿಲ್ಲ. ತುಮಕೂರಿನ ಬಸ್ಸು ರೈಟ್ ಎಂದು ಹೊರಟುಹೋಯಿತು. ಅದರ ಧೂಳು ಕೂತಿತು. ಅವನು ಇನ್ನೂ ಸುಮ್ಮನಿದ್ದ.

ರಂಗರಾಜುವಿಗೆ ತಡೆಯಲಾಗಲಿಲ್ಲ. "ಏನಾರ ಅನ್ಲಾ. ಒಡಿಯಂಗಿದ್ರೆ ಒಡಿ. ತುಟಿಗೊಂದು ಬ್ಯಾಡ, ನಂದೂ ನಿನ್ನಂಗೇ ತುಟೀಲೇ ಜೀವ್ನ. ಬೆನ್ನಿಗೆ ಒಡಿ. ನರಸಿಂಹರಾಜು ಸಾರ್‌ಗೆ ಏಳ್ತೀಯಾ? ಏಳು. ಅರೆಸ್ಟ್ ಮಾಡ್ಸು. ಸುಮ್ನೆ ಮಾತ್ರ ನಿಂತ್ಕಬ್ಯಾಡ ಕಣ್ಲಾ, ನಂಗೆ ಎದ್ರಿಕೆ ಆಯ್ತದೆ..."

ಮೊದಲು ಕೆಂಪು ಕೋಟಿನ ಜರಿಯ ಕುಚ್ಚು ಅಲ್ಲಾಡಿತು. ಅಳುತ್ತಿದ್ದಾನೆಂದು ಮಾನಸ ಒಂದು ಹೆಜ್ಜೆ ಮುಂದೆ ಬಂದಳು. ಅವನು ಅಳುತ್ತಿರಲಿಲ್ಲ. ಎಲ್ಲೋ ಹೊಟ್ಟೆಯ ತಳದಿಂದ, ಟ್ರಂಪೆಟ್ಟಿಗೆಂದು ಕೂಡಿಟ್ಟ ಉಸಿರಿನ ಗೋದಾಮಿನಿಂದಲೇ, ಒಂದು ನಗು ಮೇಲೇರಿ ಬರುತ್ತಿತ್ತು.

"ಓಗಿಲ್ಲ!" ಎಂದು ಕೂಗಿದ ಮುಬಶ್ಶಿರ್. "ಓಗಿಲ್ಲ ಕಣೋ! ನಾನು ಏನೂ ಕಳ್ಕೊಂಡಿಲ್ಲ!" ರಂಗರಾಜುವಿನ ಎರಡೂ ಭುಜ ಹಿಡಿದು ಅಲುಗಾಡಿಸಿದ. "ಮೂರು ಜನಾನೂ ನೀನೇ! ನಾನು ಒಬ್ರ ಮಾತಿನ ಮ್ಯಾಲೆ ಒಬ್ರು ಮಾತಾಡಲ್ಲ, ಏನ್ ಡಿಸಿಪ್ಲಿನ್ನು ಅನ್ಕೊಂಡೆ! ಆ ಚುಕ್ಕಿ ಪರ್ದೆ ನೋಡಿ ಬೆಂಗಳೂರೋರ ಟೇಸ್ಟು ಅನ್ಕೊಂಡೆ!"

ಮಾನಸ ನಕ್ಕಳು. ಚಿಕ್ಕನರಸಯ್ಯ ಗೇಟಿನ ಬಳಿಯಿಂದ ವಿಷಯ ತಿಳಿಯದೆಯೇ ನಕ್ಕ. ಪೆಟ್ಟು ಬೀಳುವುದಿಲ್ಲವೆಂದು ಖಾತ್ರಿಯಾದ ಮೇಲೆ ರಂಗರಾಜುವೂ, ಅಪರೂಪಕ್ಕೆ ಯಾರದ್ದೂ ಅಲ್ಲದ ತನ್ನದೇ ದನಿಯಲ್ಲಿ, ಕಣ್ಣೊರೆಸಿಕೊಂಡು ನಕ್ಕ.

ಅಷ್ಟರಲ್ಲಿ ಮೆಟ್ಟಿಲ ಮೇಲಿನ ಫೋನು ಹೊಡೆದುಕೊಂಡಿತು.

"ಬೇಟಾ," ಎಂದರು ಕಲೀಮುಲ್ಲಾ, "ಮಲ್ಲೇಶನ ಅಂಗಡೀಲಿ ಕೂತಿದೀನಿ. ಅಡಿಷನ್ ಪಾಸಾದಂಗೇ ಅಂತ ಹೇಳ್ಬುಟ್ಟೆ. ಸಂಡೇನೂ ಅದೇ ಥರ ಭರ್ತಿ ಹಾಕ್ತೀಯಲ್ಲ?"

ಮುಬಶ್ಶಿರ್ ಉತ್ತರ ಕೊಡಲು ಮೂರು ಸಲ ಬಾಯಿ ತೆರೆದ. ಮೂರು ಸಲವೂ ನಗುವೇ ನುಗ್ಗಿತು. ಮೆಟ್ಟಿಲ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, ರಸ್ತೆಯ ಆಚೆ ಹೂವಿನವಳು ಮೊಳ ಹಾಕುವುದನ್ನು ನಿಲ್ಲಿಸಿ ನೋಡುವಂತೆ ನಕ್ಕ.

"ಯಾಕೋ ಇಂಗೆ ನಗ್ತೀಯ? ಲೇ? ಹಲೋ?" ಎನ್ನುತ್ತಿತ್ತು ಫೋನು. ಆಮೇಲೆ ಅದೂ ಕಾರಣ ಕೇಳದೆ ನಗತೊಡಗಿತು. ಆದರೂ ಅಲ್ಲಿದ್ದವರಲ್ಲಿ, ಇಲ್ಲಿದ್ದವರಲ್ಲಿ, ಎಲ್ಲರಿಗಿಂತ ಜೋರಾಗಿ ಕೇಳಿಸುತ್ತಿದ್ದದ್ದು ಮುಬಶ್ಶಿರನ ನಗುವೇ. ಅದಕ್ಕೆ ಒಂದು ಪಿ ಕೂಡ ಇರಲಿಲ್ಲ.